ಒತ್ತಕ್ಷರ ಕತ್ತರಿಸುವ ಥೀಮುಗಳು

ಬ್ಲಾಗು ಶುರು ಮಾಡುವಾಗ ನಾವು ಮೊದಲು ಹುಡುಕುವುದು ಚೆಂದದ ಥೀಮು. ಡೆಮೊದಲ್ಲಿ ಇಂಗ್ಲಿಷ್ ಗರಿಗರಿಯಾಗಿ ಕಾಣುತ್ತದೆ. ಅದರೊಳಗೆ ಕನ್ನಡ ಸುರಿದ ಕೂಡಲೇ ಸಾಲಿಗೆ ಸಾಲು ತಗುಲಿ, ಶೀರ್ಷಿಕೆಯಲ್ಲಿ 'ರಾಷ್ಟ್ರ'ದ ಒತ್ತು ಅರ್ಧಕ್ಕೇ ತುಂಡಾಗುತ್ತದೆ. ಆಮೇಲೆ ನಮ್ಮ ತೀರ್ಪು: "ಕನ್ನಡ ಫಾಂಟುಗಳೇ ಇಷ್ಟು, ಬಿಡಿ."

ಬಿಡಬೇಡಿ. ತಪ್ಪು ಸಿಎಸ್ಎಸ್‌ನದು.

ರೋಮನ್ ಅಕ್ಷರಕ್ಕೆ 1.3 ಲೈನ್-ಹೈಟ್ ಸಾಕಾದೀತು. ನಮ್ಮದಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೊಂದು ಒತ್ತು. 1.7ರ ಆಸುಪಾಸು ಕೊಡದಿದ್ದರೆ ಉಸಿರುಗಟ್ಟುತ್ತದೆ. ಶೀರ್ಷಿಕೆಗೆ ಎತ್ತರ ನಿಗದಿ ಮಾಡಿ ಓವರ್‌ಫ್ಲೋ ಹಿಡನ್ ಎಂದು ಬರೆದರೆ ಮೊದಲು ಕತ್ತರಿಗೆ ಸಿಗುವುದೇ ಒತ್ತಕ್ಷರ. ಉಲ್ಲೇಖಕ್ಕೆ ಇಟಾಲಿಕ್ ಹಾಕುತ್ತೇವೆ; ಫಾಂಟಿನಲ್ಲಿ ಇಟಾಲಿಕ್ ಇಲ್ಲದಿದ್ದರೆ ಬ್ರೌಸರ್ ದುಂಡನೆಯ ಅಕ್ಷರಗಳನ್ನೇ ಹಿಡಿದು ವಾಲಿಸುತ್ತದೆ. ಫಾಂಟ್-ಫ್ಯಾಮಿಲಿಯಲ್ಲಿ ಕನ್ನಡದ ಒಂದು ಹೆಸರೂ ಇರುವುದಿಲ್ಲ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸೇರಿಸಲು ಎರಡು ಸಾಲು ಸಾಕು.

"ವಿಷಯ ಮುಖ್ಯ, ವೇಷ ಅಲ್ಲ" ಎನ್ನುವವರಿದ್ದಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಒಮ್ಮೆ ಊರಿನಿಂದ ಅಮ್ಮ ಫೋನಿನಲ್ಲಿ, "ನೀನು ಬರೆದದ್ದು ಓದಕ್ಕೇ ಆಗ್ಲಿಲ್ಲ ಕಣೋ, ಕಣ್ಣು ಮಂಜಾಗ್ತಿದೆ" ಅಂದರು. ಅವರ ಕಣ್ಣಿಗೇನೂ ಆಗಿರಲಿಲ್ಲ. 13 ಪಿಕ್ಸೆಲಿನ ತೆಳು ಬೂದು ಅಕ್ಷರ, ಬಿಳಿ ಹಿನ್ನೆಲೆ: ನಾನೇ ಮೆಚ್ಚಿ ಹಾಕಿಕೊಂಡ 'ಮಿನಿಮಲ್' ಥೀಮು. ನನ್ನ ಸೋಮಾರಿತನವನ್ನು ಆಕೆ ತನ್ನ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದರು.

ನಾಚಿಕೆಯ ಮಾತು ಇನ್ನೊಂದಿದೆ. ಪುಣೆ, ಹೈದರಾಬಾದಿನ ಆಫೀಸುಗಳಲ್ಲಿ ಕೂತು ಇದೇ ಕೆಲಸಕ್ಕೆ ಸಂಬಳ ಎಣಿಸುವವರು ನಾವು. ಕ್ಲೈಂಟಿನ ಅರಬ್ಬಿ ಆವೃತ್ತಿ ಬಲದಿಂದ ಎಡಕ್ಕೆ ಸರಿಯಾಗಿ ಹರಿಯದಿದ್ದರೆ ನನ್ನ ತಂಡ ರಾತ್ರಿಯಿಡೀ ಕೂತು ಸರಿಪಡಿಸಿದೆ. ಅದನ್ನು ಬಗ್ ಎಂದು ದಾಖಲಿಸುತ್ತೇವೆ. ಕನ್ನಡದ ಒತ್ತು ಮುರಿದರೆ ಮಾತ್ರ 'ಅಡ್ಜಸ್ಟ್ ಮಾಡ್ಕೊಳ್ಳಿ'. ಕಾಸು ಕೊಡುವವನ ಲಿಪಿಗೆ ಟೆಸ್ಟಿಂಗ್, ತಾಯಿನುಡಿಗೆ ಔದಾರ್ಯದ ಭಾಷಣ! ನವೆಂಬರಿನಲ್ಲಿ ಡಿಪಿ ಬದಲಿಸುವ ಬೆರಳಿಗೆ ಒಂದು ಲೈನ್-ಹೈಟ್ ಬದಲಿಸಲು ಏನು ಕಷ್ಟ?

ಇವತ್ತೇ ರಾತ್ರಿ ನಿಮ್ಮ ಬ್ಲಾಗಿನ ಶೀರ್ಷಿಕೆಯಲ್ಲಿ 'ಸ್ತ್ರೀ', 'ವೈಶಿಷ್ಟ್ಯ', 'ರಾಷ್ಟ್ರ' ಎಂದು ಬರೆದು, ಅಗ್ಗದ ಫೋನೊಂದರಲ್ಲಿ ತೆರೆದು ನೋಡಿ. ಒಂದು ಒತ್ತು ತುಂಡಾಗಿದ್ದರೂ ಅದು ಬಗ್. ಸರಿಪಡಿಸಿದ ಮೇಲೆಯೇ ಮುಂದಿನ ಬರಹ ಹಾಕಿ.