ನೆಲ ಡೊಂಕೇ ಇದ್ರೆ ಏನ್ಮಾಡ್ತೀರಿ?

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಕಲಾವಿದರ ಬಾಯಿ ಮುಚ್ಚಿಸೋದಕ್ಕೆ ಇಷ್ಟು ಉಪಯೋಗಕ್ಕೆ ಬಂದ ಗಾದೆ ಕನ್ನಡದಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಸ್ಯಾಕ್ಸೋಫೋನ್ ಊದುವವನೊಬ್ಬ "ಮೌತ್‌ಪೀಸ್ ಸರಿಯಿಲ್ಲ ಕಣ್ರೀ" ಅಂದ ತಕ್ಷಣ ಪಕ್ಕದಲ್ಲಿದ್ದವರು ಯಾರಾದರೂ ಈ ಗಾದೆ ಹೇಳಿ ನಗ್ತಾರೆ. ಅವನು ತಲೆ ತಗ್ಗಿಸ್ತಾನೆ. ಅಲ್ಲಿಗೆ ಮಾತು ಮುಗೀತು.

ನನ್ನ ತಕರಾರು ಇಷ್ಟೇ. ಗಾದೆ ಹೇಳೋ ಮೊದಲು ಯಾರಾದರೂ ಬಗ್ಗಿ ನೆಲ ನೋಡಿದ್ರಾ? ಅದರಲ್ಲೂ ಬ್ಯಾರಿಟೋನ್ ಸ್ಯಾಕ್ಸೋಫೋನ್ ವಿಷಯದಲ್ಲಿ ನೆಲ ನಿಜವಾಗಲೂ ಡೊಂಕಿರುತ್ತೆ ಸ್ವಾಮಿ, ಅಳತೆ ಹಿಡಿದು ತೋರಿಸಬಹುದಾದಷ್ಟು ಡೊಂಕು.

ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ತಗೊಂಡ. ನಮ್ಮ ಕದ್ರಿ ಗೋಪಾಲನಾಥ್ ಅವರು ನುಡಿಸ್ತಿದ್ದದ್ದು ಆಲ್ಟೋ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಗುಡುಗೋದು ಬ್ಯಾರಿಟೋನ್. ಐದಾರು ಕೆ.ಜಿ. ತೂಕ, ಕೊರಳಿಗೆ ಹಾಕ್ಕೊಂಡು ನಾಲ್ಕು ಗಂಟೆ ನಿಂತು ನೋಡಿ, ಗೊತ್ತಾಗುತ್ತೆ :-) (ಬ್ಯಾಂಡ್‌ಸೆಟ್‌ನಲ್ಲಿ ಬ್ಯಾರಿಟೋನ್ ಅಂತ ಒಂದು ಹಿತ್ತಾಳೆ ಕೊಂಬೂ ಇರುತ್ತೆ. ಅದಕ್ಕೆ ಬಟ್ಟಲಿನ ಥರದ ಮೌತ್‌ಪೀಸ್, ರೀಡ್ ಇಲ್ಲ. ನಾನು ಹೇಳ್ತಿರೋದು ಅದಲ್ಲ.) ಸ್ಯಾಕ್ಸ್‌ನ ಮೌತ್‌ಪೀಸ್‌ಗೆ ಒಂದು ಬದಿ ಚಪ್ಪಟೆ ಇರುತ್ತೆ. ಅದಕ್ಕೆ ಟೇಬಲ್ ಅಂತಾರೆ. ರೀಡ್ ಕೂರೋದು ಅದರ ಮೇಲೆ. ತುದಿಯ ಕಡೆಗೆ ಎರಡೂ ಅಂಚು ಸಣ್ಣಗೆ ಬಾಗಿ ರೀಡ್‌ನಿಂದ ದೂರ ಸರಿಯುತ್ತವೆ. ಆ ಸಂದಿಯಲ್ಲಿ ರೀಡ್ ಅದುರಿದರೆ ನಾದ. ಅಂದ್ರೆ ಗಾದೆಯಲ್ಲಿರೋ ನೆಲ ಇಲ್ಲಿ ಅಕ್ಷರಶಃ ಇದೆ.

ಈಗ ಮೊದಲನೇ ಗುಂಪಿನ ವಾದ. "ಎಲ್ಲಾ ಮನುಷ್ಯನ ಕೈಯಲ್ಲಿ, ಉಸಿರಲ್ಲಿ ಇರೋದು. ಕದ್ರಿಯವರ ಕೈಗೆ ಪೀಪಿ ಕೊಟ್ಟಿದ್ರೂ ನುಡಿಸ್ತಿದ್ರು." ಕೇಳೋಕೆ ಚೆನ್ನಾಗಿದೆ. ಆದ್ರೆ ಕದ್ರಿಯವರೇ ಹಾಗೆ ನಡ್ಕೊಳ್ಳಲಿಲ್ಲವಲ್ಲ! ನಾಗಸ್ವರದ ಮನೆಯಲ್ಲಿ 1949ರಲ್ಲಿ ಹುಟ್ಟಿ, ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಮನುಷ್ಯ ಅವರು. ಆ ಪರದೇಶಿ ವಾದ್ಯವನ್ನ ಇದ್ದದ್ದು ಇದ್ದ ಹಾಗೆ ಒಪ್ಪಿಕೊಳ್ಳಲಿಲ್ಲ. ಗಮಕಕ್ಕೆ ಒಗ್ಗೋ ಹಾಗೆ ವಾದ್ಯದಲ್ಲೇ ಮಾರ್ಪಾಡು ಮಾಡ್ಕೊಂಡ್ರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ, 2004ರಲ್ಲಿ ಪದ್ಮಶ್ರೀ, 2019ರಲ್ಲಿ ಅವರು ಹೋಗುವ ಹೊತ್ತಿಗೆ ಮಂಗಳೂರಿನಿಂದ ದಾವಣಗೆರೆ ತನಕ ಮದುವೆಗೆ ಸ್ಯಾಕ್ಸ್ ಕರೆಸೋ ರೂಢಿ... ಇದೆಲ್ಲ ಆಗಿದ್ದು ಅವರು "ನೆಲ ಹೇಗಾದ್ರೂ ಇರಲಿ" ಅಂದಿದ್ದಕ್ಕಲ್ಲ, ನೆಲ ಸರಿಮಾಡ್ಕೊಂಡಿದ್ದಕ್ಕೆ. ಅವರ ಹೆಸರು ಹೇಳಿ ಬೇರೆಯವರ ಬಾಯಿ ಮುಚ್ಚಿಸೋದು ಅವರಿಗೇ ಮಾಡೋ ಅನ್ಯಾಯ.

ಎರಡನೇ ಗುಂಪು ಇದಕ್ಕೆ ಪೂರಾ ಉಲ್ಟಾ. "ಮೂವತ್ತು ಸಾವಿರದ ಫಾರಿನ್ ಮೌತ್‌ಪೀಸ್ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ. ಇಂಥಾ ದೊಡ್ಡ ಪ್ಲೇಯರ್ ಅದನ್ನೇ ಬಳಸೋದು." ಇವರು ಹೆಚ್ಚಾಗಿ ನಮ್ಮ ಪೈಕಿಯವರೇ, ಐಟಿಯವರು. ಲ್ಯಾಪ್‌ಟಾಪ್ ಕೊಂಡ ಹಾಗೆ ಮೌತ್‌ಪೀಸ್ ಕೊಳ್ಳೋರು.

ಇವರಿಗೆ ಮೂರು ಮಾತು.

ಒಂದು, ಮೇಲಿರೋ ನಂಬರ್‌ಗೆ ಯಾವ ಸ್ಟ್ಯಾಂಡರ್ಡೂ ಇಲ್ಲ. ಒಂದು ಕಂಪನಿಯ 5 ಇನ್ನೊಂದರ 5 ಅಲ್ಲ. ಬರ್ಗ್ ಲಾರ್ಸನ್‌ನಂಥ ಕೆಲವರು ತುದಿಯ ಸಂದಿಯನ್ನ ಇಂಚಿನ ಸಾವಿರದ ಲೆಕ್ಕದಲ್ಲಿ ಕೆತ್ತುತ್ತಾರೆ, 110 ಅಂದ್ರೆ 0.110 ಇಂಚು, ಸುಮಾರು 2.8 ಮಿ.ಮೀ. ಉಳಿದವರು ಬರೀ ಅಕ್ಷರ, ನಕ್ಷತ್ರ ಹಾಕಿ ಬಿಡ್ತಾರೆ. ಸಂದಿ ಜಾಸ್ತಿ ಆದಷ್ಟೂ ಮೆತ್ತನೆ ರೀಡ್ ಬೇಕು. ಅಗಲ ಸಂದಿಗೆ 3 ನಂಬರ್ ಗಟ್ಟಿ ರೀಡ್ ಕಟ್ಟಿ ಊದಿದ್ರೆ ಒಂದು ಮೆರವಣಿಗೆ ಮುಗಿಯೋದ್ರಲ್ಲಿ ತುಟಿ ಸತ್ತೇಹೋಗುತ್ತೆ.

ಎರಡು, ಒಳಗಿನ ಗುಹೆ. ಸ್ಯಾಕ್ಸ್ ಅನ್ನೋದು ತುದಿ ಕತ್ತರಿಸಿದ ಶಂಕು. ಕತ್ತರಿಸಿ ಹೋದ ಆ ತುದಿಯ ಜಾಗವನ್ನ ಮೌತ್‌ಪೀಸ್‌ನ ಒಳಗಿನ ಜಾಗ ತುಂಬಿಕೊಡಬೇಕು. ಅದು ಹೊಂದದಿದ್ರೆ ಕೆಳಸ್ಥಾಯಿ ಷಡ್ಜ ಶ್ರುತಿಯಲ್ಲಿದ್ದು ಮೇಲಿನ ಷಡ್ಜ ಓಡಿಹೋಗುತ್ತೆ. ಕಾರ್ಕ್ ಮೇಲೆ ಒಳಗೆ ಹೊರಗೆ ಎಷ್ಟು ಎಳೆದಾಡಿದ್ರೂ ಎರಡೂ ಒಟ್ಟಿಗೆ ಸಿಗಲ್ಲ. ಹಳೇ ಕಾಲದ ದೊಡ್ಡ ಬ್ಯಾರಿಟೋನ್‌ಗೆ ಸಣ್ಣ ಗುಹೆಯ ಇವತ್ತಿನ ಮೌತ್‌ಪೀಸ್ ಹಾಕಿದ್ರೆ ಆಗೋದು ಹೆಚ್ಚಾಗಿ ಇದೇ.

ಮೂರು, ಒಳಗಿನ ಛಾವಣಿ. ರೀಡ್ ಎದುರಿಗೆ ಅದು ಎತ್ತರ ಇದ್ದರೆ ನಾದ ಚೂಪು, ಬಯಲಲ್ಲಿ ದೂರ ಕೇಳುತ್ತೆ. ತಗ್ಗಿದ್ದು ಗುಹೆ ದೊಡ್ಡದಿದ್ದರೆ ನಾದ ದುಂಡಗೆ, ಮೆತ್ತಗೆ. ಪಿ.ಬಿ. ರೋಡಿನಲ್ಲಿ ಲಾರಿ ಹಾರ್ನ್ ಮಧ್ಯೆ ಮೆರವಣಿಗೆ ಊದುವವನಿಗೆ ಬೇಕಾದ್ದು ಬೇರೆ, ಕಲ್ಯಾಣ ಮಂಟಪದ ಒಳಗೆ ಕೂತು ರಾಗ ನುಡಿಸೋನಿಗೆ ಬೇಕಾದ್ದು ಬೇರೆ. ಅಮೆರಿಕದ ಜಾಝ್ ದೊರೆಗೆ ಹೊಂದಿದ್ದು ಇಬ್ಬರಿಗೂ ಹೊಂದಬೇಕು ಅಂತ ಯಾವ ಶಾಸ್ತ್ರದಲ್ಲಿದೆ?

ಇಷ್ಟೊತ್ತೂ ಇದು ಯಾಕೆ ಇವನಿಗೆ ಅಂತೀರಾ? ಹೇಳ್ತೀನಿ.

ನಮ್ಮ ಸೋದರಮಾವ ಹರಿಹರದವರು. ಮೊದಲು ಕ್ಲಾರಿಯೋನೆಟ್, ಆಮೇಲೆ ಆಲ್ಟೋ, ಈಗ ಕೆಲವು ವರ್ಷದಿಂದ ಬ್ಯಾರಿಟೋನ್. ವಾದ್ಯ ಬ್ಯಾಂಡ್ ಮಾಲೀಕರದ್ದು, ಮೌತ್‌ಪೀಸೂ ಅದರ ಜೊತೆಗೇ ಬಂದದ್ದು. ಕಳೆದ ಸೀಸನ್‌ನಲ್ಲಿ ಕೆಳಗಿನ ಸ್ವರ ಒಡೆಯೋಕೆ ಶುರುವಾಯ್ತು, ನಡುವೆ ಕೀಚಲು ಬೇರೆ. ಮಾವ "ಮೌತ್‌ಪೀಸ್ ಒಂದು ಬದಲಾಯಿಸಿ ಅಣ್ಣಾ" ಅಂತ ಕೇಳಿದ್ರು. ಸಿಕ್ಕಿದ್ದು ಅದೇ ಗಾದೆ, ಜೊತೆಗೆ "ನಿಂಗೆ ವಯಸ್ಸಾತು, ಉಸಿರು ಹೋಗೇತಿ" ಅನ್ನೋ ಸರ್ಟಿಫಿಕೇಟ್. ಈ ವರ್ಷದ ಮದುವೆಗಳಿಗೆ ಅವರನ್ನ ಕರೀಲಿಲ್ಲ. ಅದೇ ತಿಂಗಳು ಬ್ಯಾಂಡ್ ಗಾಡಿಗೆ ಹೊಸ ಎಲ್‌ಇಡಿ ಲೈಟ್ ಬಂತು!

ನಾನು ಊರಿಗೆ ಹೋದಾಗ ಮಾವ ಮಾಲೀಕರನ್ನ ಕೇಳಿ ಆ ಮೌತ್‌ಪೀಸ್ ತಂದಿದ್ರು. ಒಂದು ದಪ್ಪ ಗಾಜಿನ ತುಂಡು, ಒಂದು ಫೀಲರ್ ಗೇಜ್ ತಗೊಂಡು ಕೂತೆ. ಫೀಲರ್ ಗೇಜ್ ಅಂದ್ರೆ ಗ್ಯಾರೇಜಿನಲ್ಲಿ ಬೈಕಿನ ಟ್ಯಾಪೆಟ್ ಸೆಟ್ ಮಾಡೋಕೆ ಇಡೋ ತೆಳ್ಳನೆ ಉಕ್ಕಿನ ಎಲೆಗಳ ಗೊಂಚಲು. ಮೌತ್‌ಪೀಸ್‌ನ ಟೇಬಲ್ಲನ್ನ ಗಾಜಿನ ಮೇಲಿಟ್ಟು, ತುದಿಯ ಕಡೆಯಿಂದ 0.05 ಮಿ.ಮೀ. ಎಲೆ ತೂರಿಸಿ ಎಲ್ಲಿ ನಿಲ್ಲುತ್ತೆ ನೋಡಬೇಕು. ಎರಡೂ ಅಂಚಲ್ಲಿ ಒಂದೇ ಕಡೆ ನಿಲ್ಲಬೇಕು. ನಮ್ಮದರಲ್ಲಿ ಎಡಗಡೆ ತುದಿಯಿಂದ 22 ಮಿ.ಮೀ.ಗೆ ನಿಂತ್ರೆ ಬಲಗಡೆ 26ಕ್ಕೆ ನಿಂತಿತ್ತು. ಟೇಬಲ್ ತಿರುಚಿಕೊಂಡಿತ್ತು, ಗಾಜಿನ ಮೇಲೆ ಕುಂಟೋ ಸ್ಟೂಲಿನ ಹಾಗೆ ಅಲ್ಲಾಡ್ತಿತ್ತು. (ಕೆಲವು ಕಂಪನಿಯವರು ಟೇಬಲ್ ನಡುವೆ ಕೂದಲೆಳೆಯಷ್ಟು ತಗ್ಗು ಬೇಕೂಂತಲೇ ಬಿಡ್ತಾರೆ, ಅದು ಬೇರೆ. ತಿರುಚೋದು ಯಾರೂ ಬೇಕೂಂತ ಮಾಡಲ್ಲ.) ಇಂಥದ್ದರ ಮೇಲೆ ರೀಡ್ ಗಾಳಿ ಬಿಗಿಯಾಗಿ ಕೂರೋದೇ ಇಲ್ಲ. ಐವತ್ತೈದು ವರ್ಷದ ಶ್ವಾಸಕೋಶದ ಮೇಲೆ ಹೊರಿಸಿದ ಅಪರಾಧ ಆ ನಾಲ್ಕು ಮಿಲಿಮೀಟರಿನದ್ದು.

ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಇದು ನಡೆದದ್ದು ಹರಿಹರದಲ್ಲಿ! ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನ ಮಾಡಿ ದೇಶಕ್ಕೆಲ್ಲ ಕಳಿಸಿದ ಊರು. ಕಾರ್ಖಾನೆ ಈ ಶತಮಾನದ ಶುರುವಿನಲ್ಲಿ ಬಾಗಿಲು ಹಾಕಿತು ನಿಜ, ಆದ್ರೆ ಅಲ್ಲಿ ಕೈ ಪಳಗಿಸಿಕೊಂಡವರು ಬೀದಿ ಬೀದಿಯಲ್ಲಿದ್ದಾರೆ. ಸರ್ಫೇಸ್ ಪ್ಲೇಟ್‌ಗೆ ನೀಲಿ ಹಚ್ಚಿ ಉಬ್ಬು ತಗ್ಗು ಹುಡುಕೋದು ಅವರಿಗೆ ನೀರು ಕುಡಿದ ಹಾಗೆ. ಮಾವನ ಪಕ್ಕದ ಓಣಿಯ ನಿವೃತ್ತ ಟರ್ನರ್ ಒಬ್ಬರು ಸ್ಯಾಕ್ಸೋಫೋನ್ ಕೈಯಲ್ಲಿ ಹಿಡಿದವರೇ ಅಲ್ಲ. ನನ್ನ ಅಳತೆ ಚೀಟಿ ನೋಡಿ "ಇಷ್ಟೇನಾ ತಮ್ಮಾ?" ಅಂದ್ರು. ಮಾಲೀಕರ ಒಪ್ಪಿಗೆ ಮೊದಲೇ ಪಡೆದಿದ್ವಿ. ಗಾಜಿನ ಮೇಲೆ ಅತಿ ನುಣುಪಿನ ಎಮರಿ ಕಾಗದ ಹಾಸಿ, ಒಂದೆರಡು ಸಲ ಎಳೆಯೋದು, ಅಳೆಯೋದು, ಮತ್ತೆ ಎಳೆಯೋದು. ಎರಡು ಸಂಜೆ ಹಿಡೀತು. ಅದೇ ವಾದ್ಯ, ಅದೇ ರೀಡ್, ಅದೇ "ಹೋದ ಉಸಿರು". ಕೆಳಗಿನ ಸ್ವರ ಪಿಸುಮಾತಿನಷ್ಟು ಮೆತ್ತಗೆ ಊದಿದ್ರೂ ಹಿಡಿದುಕೊಂಡು ನಿಂತ್ವು.

(ಇದನ್ನ ಓದಿ ಮನೆಯಲ್ಲಿ ನೀವೇ ಉಜ್ಜೋಕೆ ಹೋಗಬೇಡಿ ಪ್ಲೀಸ್. ಕೂದಲಿನ ದಪ್ಪಕ್ಕಿಂತ ಕಮ್ಮಿ ಹೆಚ್ಚಾದ್ರೂ ಮೌತ್‌ಪೀಸ್ ಹಾಳು. ಅಳೆಯೋದು ಮಾತ್ರ ಯಾರು ಬೇಕಾದ್ರೂ ಮಾಡಬಹುದು.)

ಹಾಗಾದ್ರೆ ಆರಿಸೋದು ಹೇಗೆ? ಮೊದಲು ಗಾಜು, ಗೇಜು. ಡೊಂಕಿದ್ದರೆ ಎಷ್ಟೇ ದೊಡ್ಡ ಹೆಸರಿದ್ರೂ ವಾಪಸ್. ಆಮೇಲೆ ನಿಮ್ಮದೇ ವಾದ್ಯ, ನಿಮಗೆ ಪಳಗಿದ ಒಂದೇ ರೀಡ್ ಇಟ್ಕೊಂಡು ಎಲ್ಲವನ್ನೂ ಊದಿ ನೋಡಿ. ಅತಿ ಕೆಳಗಿನ ಸ್ವರ ಮೆತ್ತಗೆ ಶುರುವಾಗಬೇಕು. ಜೋರಾಗಿ ಎಲ್ಲವೂ ಕೂಗುತ್ತವೆ, ಅದು ಪರೀಕ್ಷೆಯಲ್ಲ. ಫೋನಿನಲ್ಲಿ ಟ್ಯೂನರ್ ಹಾಕಿ ಎರಡೂ ಸ್ಥಾಯಿ ಹೋಲಿಸಿ. ಒಂದು ಗಂಟೆ ಬಿಡದೆ ಊದಿ, ಐದು ನಿಮಿಷದ ಮೋಹ ನಂಬಬೇಡಿ. ಇನ್ನೊಬ್ಬರನ್ನ ಐವತ್ತು ಹೆಜ್ಜೆ ದೂರ ನಿಲ್ಲಿಸಿ ಕೇಳಿಸಿ. ಲೋಹವೋ ಎಬೊನೈಟೋ ಅನ್ನೋ ಜಗಳಕ್ಕಿಂತ ಒಳಗಿನ ಆಕಾರ ದೊಡ್ಡದು. ಎಬೊನೈಟ್ ಆದ್ರೆ ನಮ್ಮ ದಾವಣಗೆರೆ ಬಿಸಿಲಲ್ಲಿ ಬಿಡಬೇಡಿ, ಬಿಸಿ ನೀರಲ್ಲಿ ತೊಳೀಬೇಡಿ. ಅದು ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರ್, ಹಸಿರುಗಟ್ಟಿ ವಾಸನೆ ಹೊಡೆಯುತ್ತೆ.

"ಊದಿ ನೋಡೋಕೆ ಅಂಗಡಿಯವರು ಬಿಡಬೇಕಲ್ಲ, ಎಂಜಲು ಅಂತಾರೆ" ಅಂತೀರಾ? ಒಪ್ಪಿದೆ. ಆದ್ರೆ ವಿಚಿತ್ರ ನೋಡಿ. ಕೊಳ್ಳೋವಾಗ ಎಂಜಲು, ಆದ್ರೆ ಬ್ಯಾಂಡಿನಲ್ಲಿ ಒಂದೇ ಮೌತ್‌ಪೀಸನ್ನ ಈ ವರ್ಷ ಒಬ್ಬ, ಮುಂದಿನ ವರ್ಷ ಇನ್ನೊಬ್ಬ ಬಾಯಿಗಿಟ್ಟುಕೊಂಡಾಗ ಯಾರಿಗೂ ಎಂಜಲಿಲ್ಲ! ಊದುವವರ ಬಾಯಿ ಯಾರದ್ದು ಅನ್ನೋದರ ಮೇಲೆ ನಮ್ಮ ಮಡಿ ಬದಲಾಗುತ್ತೆ ಅಷ್ಟೇ. ಕ್ರಿಮಿನಾಶಕದಲ್ಲಿ ಒರೆಸಿದ್ರೆ ಮುಗೀತು, ಅದಕ್ಕೆ ಬ್ರಹ್ಮವಿದ್ಯೆ ಬೇಕಿಲ್ಲ.

ಕೇಳೋದು ಇಷ್ಟು. ಬ್ಯಾಂಡ್ ಮಾಲೀಕರೇ, ವಾದ್ಯ ನಿಮ್ಮದೇ ಇರಲಿ, ಮೌತ್‌ಪೀಸ್ ಊದುವವನದ್ದಾಗಲಿ. ಒಂದು ಸಲ ದುಡ್ಡು ಕೊಡಿ, ಅವನೇ ಆರಿಸಲಿ, ಅವನ ಚೀಲದಲ್ಲೇ ಇರಲಿ. ದಾವಣಗೆರೆ, ಹರಿಹರದ ಊದುವವರೇ, ನಾಲ್ಕು ಬಗೆಯ ನಾಲ್ಕು ಮೌತ್‌ಪೀಸ್‌ಗಳನ್ನ ಎಲ್ಲ ಸೇರಿ ಕೊಂಡು ಇಟ್ಕೊಳ್ಳಿ, ಊದಿ ನೋಡೋಕೆ. ಇಂಜಿನಿಯರಿಂಗ್ ಓದಿದ ಬ್ಲಾಗಿಗ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಒಂದು ಫೀಲರ್ ಗೇಜ್ ಜೇಬಲ್ಲಿಟ್ಕೊಂಡು ಹೋಗಿ. ನಾವು ಓದಿದ್ದು ಒಬ್ಬರಿಗಾದ್ರೂ ಉಪಯೋಗಕ್ಕೆ ಬರಲಿ :-)

ಮಾವನನ್ನ ಇನ್ನೂ ವಾಪಸ್ ಕರೆದಿಲ್ಲ. ಅಳತೆ ಚೀಟಿ ಮಾಲೀಕರ ಕೈಗೆ ಕೊಟ್ಟು ಬಂದಿದ್ದೀನಿ, ಎರಡೂ ಬದಿಯ ಸಂಖ್ಯೆಗೆ ಕೆಂಪು ಗೆರೆ ಎಳೆದು. ಇನ್ನು ಯಾರಾದ್ರೂ ನನ್ನ ಮುಂದೆ ಆ ಗಾದೆ ಹೇಳಿದ್ರೆ ನನ್ನ ಪ್ರಶ್ನೆ ಒಂದೇ: ನೆಲ ಅಳೆದಿದ್ದೀರಾ ಸ್ವಾಮಿ?

ಏನಂತೀರಾ?