ತೂಕ ಇಳಿಸುವ ಆಪರೇಷನ್ ನಂತರದ ಹೊಟ್ಟೆನೋವು ಬರೀ ಗ್ಯಾಸಾ?

ತೂಕ ಇಳಿಸುವ ಆಪರೇಷನ್ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಒಂದು, "ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ, ಮಾಡಿಸಲೇಬೇಡಿ". ಇನ್ನೊಂದು, "ಆಮೇಲೆ ಬರುವ ಹೊಟ್ಟೆನೋವು ಗ್ಯಾಸ್, ಜೀರಿಗೆ ಕಷಾಯ ಸಾಕು". ಮೊದಲನೆಯದು ಉತ್ಪ್ರೇಕ್ಷೆ. ಎರಡನೆಯದು ಅಪಾಯಕಾರಿ.

ಏನಿದು ತೊಂದರೆ?

ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ. 75-80 ಭಾಗವನ್ನು ತೆಗೆಯುತ್ತಾರೆ. ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳ ಮತ್ತು ಅದರ ಕವಲುಗಳಲ್ಲಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುತ್ತದೆ. ಹೆಚ್ಚಿನ ಅಧ್ಯಯನಗಳ ಪ್ರಕಾರ ಹೀಗಾಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ.

ಏಕೆ ಆಗುತ್ತದೆ?

ಲ್ಯಾಪರೋಸ್ಕೋಪಿ ವೇಳೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದರ ಒತ್ತಡಕ್ಕೆ ಈ ನಾಳಗಳಲ್ಲಿ ರಕ್ತದ ಹರಿವು ನಿಧಾನವಾಗುತ್ತದೆ. ಮನೆಗೆ ಬಂದ ಮೇಲೆ ಪುಟ್ಟ ಜಠರಕ್ಕೆ ಹೆಚ್ಚು ನೀರು ಹಿಡಿಸುವುದಿಲ್ಲ. ವಾಂತಿಯೂ ಆದರೆ ದೇಹದಲ್ಲಿ ನೀರಿನಂಶ ಕುಸಿದು ರಕ್ತ ಗಟ್ಟಿಯಾಗುತ್ತದೆ. ಧೂಮಪಾನ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, ವಂಶದಲ್ಲಿ ಆ ತೊಂದರೆ ಇರುವುದು ಅಪಾಯವನ್ನು ಹೆಚ್ಚಿಸುತ್ತವೆ.

ಗುರುತಿಸುವುದು ಹೇಗೆ?

ಕಷ್ಟ ಇರುವುದೇ ಇಲ್ಲಿ. ಆಸ್ಪತ್ರೆಯಿಂದ ಬಿಡುವಾಗ ರೋಗಿ ಚೆನ್ನಾಗಿಯೇ ಇರುತ್ತಾರೆ. ಸಾಮಾನ್ಯವಾಗಿ ಎರಡನೇ ವಾರದ ಹೊತ್ತಿಗೆ, ಕೆಲವರಲ್ಲಿ ಇನ್ನೂ ತಡವಾಗಿ, ಹೊಟ್ಟೆನೋವು, ವಾಕರಿಕೆ, ವಾಂತಿ, ಕೆಲವೊಮ್ಮೆ ಜ್ವರ ಶುರುವಾಗುತ್ತದೆ. ಇವೆಲ್ಲ ಗ್ಯಾಸ್ ಅಥವಾ ಅಸಿಡಿಟಿಯಂತೆಯೇ ಕಾಣುತ್ತವೆ. ಎಂಡೋಸ್ಕೋಪಿಯಲ್ಲಿ ಈ ಹೆಪ್ಪು ಕಾಣುವುದಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ತಪ್ಪಿಹೋಗಬಹುದು. ಬಣ್ಣದ ಔಷಧ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗುತ್ತದೆ.

ಚಿಕಿತ್ಸೆ ಇದೆಯೇ?

ಇದೆ. ಬೇಗ ಪತ್ತೆಯಾದರೆ ಹೆಚ್ಚಿನವರು ರಕ್ತ ತೆಳುವಾಗಿಸುವ ಔಷಧದಿಂದಲೇ ಗುಣವಾಗುತ್ತಾರೆ. ಅದನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳು ಕೊಡುತ್ತಾರೆ. ತಡವಾದರೆ ಕರುಳಿನ ಒಂದು ಭಾಗ ರಕ್ತ ಸಂಚಾರವಿಲ್ಲದೆ ಸತ್ತು, ಅದನ್ನು ಕತ್ತರಿಸಿ ತೆಗೆಯಬೇಕಾಗಬಹುದು.

ನೀವು ಮಾಡಬೇಕಾದ್ದು

- ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಿರಿ.
- ವೈದ್ಯರು ಹೇಳಿದಂತೆ ಬೇಗ ಎದ್ದು ಓಡಾಡಿ.
- ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಇಂಜೆಕ್ಷನ್ ಅಥವಾ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.
- ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆಪರೇಷನ್‌ಗೆ ಮೊದಲೇ ವೈದ್ಯರಿಗೆ ತಿಳಿಸಿ.
- ನೋವು ಹೆಚ್ಚುತ್ತಿದ್ದರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಥವಾ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಬೇರೆ ಆಸ್ಪತ್ರೆಗೆ ಹೋದರೂ ಯಾವ ಆಪರೇಷನ್, ಯಾವ ದಿನ ಆಯಿತೆಂದು ಮೊದಲು ಹೇಳಿ.
- ಹಠಾತ್ ಉಸಿರುಕಟ್ಟಿದರೆ, ಎದೆ ನೋವು ಬಂದರೆ ಅಥವಾ ಒಂದೇ ಕಾಲು ಊದಿಕೊಂಡರೆ ಅದೂ ತುರ್ತು. ಹೆಪ್ಪು ಕಾಲಿನಲ್ಲೋ ಶ್ವಾಸಕೋಶದಲ್ಲೋ ಇರಬಹುದು.

ಒಟ್ಟಿನಲ್ಲಿ: ಈ ತೊಂದರೆ ಅಪರೂಪ, ಆದ್ದರಿಂದ ಆಪರೇಷನ್‌ಗೇ ಹೆದರಬೇಕಿಲ್ಲ. ಆದರೆ ಆಪರೇಷನ್ ಆದ ಮೊದಲ ಕೆಲವು ವಾರ ಹೆಚ್ಚುತ್ತಿರುವ ಹೊಟ್ಟೆನೋವನ್ನು ಗ್ಯಾಸ್ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ.