ಸ್ಪೇನಿಗೆ ಹೋಗಿ, ಆದ್ರೆ ಯಾರ ಮನೆಯಲ್ಲಿ ಉಳ್ಕೋತೀರಿ?

ನನ್ನ ವಯಸ್ಸಿನವರಿಗೆ ಸ್ಪೇನ್ ಪರಿಚಯ ಆಗಿದ್ದು ಭೂಗೋಳದ ಪುಸ್ತಕದಿಂದಲ್ಲ, ‘ಜಿಂದಗಿ ನಾ ಮಿಲೇಗಿ ದೋಬಾರಾ’ ಸಿನಿಮಾದಿಂದ. 2011ರಲ್ಲಿ ಅದು ಬಂದಾಗ ನಾವೆಲ್ಲ ಹೈಸ್ಕೂಲು, ಪಿಯುಸಿ. ಮೂವರು ಗೆಳೆಯರು, ಒಂದು ಕಾರು, ಕೋಸ್ಟಾ ಬ್ರಾವಾದ ನೀಲಿ ನೀರು, ಬುನ್ಯೋಲ್ ಊರಿನ ಟೊಮ್ಯಾಟೊ ಹಬ್ಬ. ಈಗ ಕೈಯಲ್ಲಿ ಸಂಬಳ ಇದೆ, ರಜೆ ಮಾತ್ರ ಹತ್ತೇ ದಿನ. ಹಾಗಾಗಿ ನಮ್ಮ ಟೀಮಿನಲ್ಲಿ ವರ್ಷಕ್ಕೆ ಒಬ್ಬಿಬ್ಬರಾದ್ರೂ ಒಂದು ಎಕ್ಸೆಲ್ ಶೀಟ್ ಕಳಿಸಿ ‘ಸ್ವಲ್ಪ ನೋಡ್ಕೊಡು’ ಅಂತಾರೆ. ಮ್ಯಾಡ್ರಿಡ್, ಟೊಲೇಡೊ, ಸೆವಿಯ್ಯಾ, ಗ್ರನಾಡಾ, ವೆಲೆನ್ಸಿಯಾ, ಬಾರ್ಸಿಲೋನಾ, ಕೊನೆಗೆ ಇಬೀಜಾ. ಎಲ್ಲವೂ ಹತ್ತೇ ದಿನದಲ್ಲಿ! ಇದು ಟ್ರಿಪ್ ಅಲ್ಲ ಸ್ವಾಮಿ, ಸ್ಪ್ರಿಂಟ್.

ಆಸೆ ಹುಟ್ಟಿಸೋದು ಅಲ್ಲಿನ ರೈಲು. ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಗೆ 621 ಕಿಲೋಮೀಟರ್, ಎರಡೂವರೆ ಗಂಟೆ. ಆದ್ರೆ ಬ್ಯಾಗ್ ಕಟ್ಟಿ, ರೂಮು ಖಾಲಿ ಮಾಡಿ, ಮುಂದಿನ ಊರಲ್ಲಿ ರೂಮು ಸಿಗುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತೆ. ಅದಕ್ಕೇ ನನ್ನ ಲೆಕ್ಕ ಸರಳ: ಹತ್ತು ದಿನಕ್ಕೆ ಎರಡು ನಗರ, ಒಂದು ದ್ವೀಪ. ಅಷ್ಟೇ.

ಅಕ್ಟೋಬರಿನಲ್ಲಿ ಅಮ್ಮನನ್ನು ಕರ್ಕೊಂಡು ಹೋಗಿದ್ದೂ ಹಾಗೇ. ಬಾರ್ಸಿಲೋನಾ, ವೆಲೆನ್ಸಿಯಾ, ಆಮೇಲೆ ಮಯೋರ್ಕಾ (ಮ್ಯಾಪಿನಲ್ಲಿ ನಾವು ಮಲ್ಲೋರ್ಕಾ ಅಂತ ಓದ್ಕೊಳ್ಳೋದು). ಅಮ್ಮನಿಗೆ ಮಂಡಿ ನೋವು, ಶುದ್ಧ ಸಸ್ಯಾಹಾರ, ಮೊದಲ ವಿದೇಶ ಪ್ರವಾಸ. ಪ್ಲಾನ್ ಸಣ್ಣದಾಗಿ ಇರಲೇಬೇಕಿತ್ತು.

ಸಗ್ರಾದಾ ಫಮೀಲಿಯಾ ಚರ್ಚಿನ ಕೆಲಸ ಶುರುವಾಗಿದ್ದು 1882ರಲ್ಲಿ. ಮರುವರ್ಷ ಆಂಟೊನಿ ಗೌಡಿ ಕೈಗೆ ಬಂತು. 1926ರಲ್ಲಿ ಅವರು ಟ್ರಾಮ್ ಬಡಿದು ತೀರಿಹೋದರು. ಈಗ ಕೆಲಸ ನಡೆಯೋದು ಬಹುಪಾಲು ನಮ್ಮಂಥವರ ಟಿಕೆಟ್ ದುಡ್ಡಲ್ಲಿ. ‘ಇಷ್ಟು ವರ್ಷ ಕಟ್ಟೋದಾ?’ ಅಂತ ನಾನಂದ್ರೆ, ‘ನಮ್ಮೂರ ಫ್ಲೈಓವರ್ ನೋಡಿದವರಿಗೆ ಇದೇನು ದೊಡ್ಡದಲ್ಲ ಬಿಡು’ ಅಂದ್ರು ಅಮ್ಮ. ಒಂದು ಮಾತು: ಬೆಳಗ್ಗೆ ಪೂರ್ವದ ಗಾಜಿನಿಂದ ನೀಲಿ-ಹಸಿರು ಬೆಳಕು ಒಳಗೆ ಬರುತ್ತೆ, ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಕೆಂಪು-ಕಿತ್ತಳೆ. ಟಿಕೆಟ್ಟಿನಲ್ಲಿ ಸಮಯ ನಿಗದಿಯಾಗಿರುತ್ತೆ, ಯಾವ ಬಣ್ಣ ಬೇಕು ಅಂತ ಮೊದಲೇ ಯೋಚಿಸಿ ಬುಕ್ ಮಾಡಿ.

ಸಂಜೆ ಬಾರ್ಸಿಲೋನೆಟಾ ಕಡೆ ನಡೆದ್ವಿ. ಬೀಚಿಗೆ ಅಂಟಿಕೊಂಡ, ಮೀನುಗಾರರ ಹಳೇ ಕೇರಿ. ಇಕ್ಕಟ್ಟು ರಸ್ತೆ, ಪುಟ್ಟ ಪುಟ್ಟ ಫ್ಲ್ಯಾಟು, ಬಾಲ್ಕನಿಯಲ್ಲಿ ಒಣಗೋ ಬಟ್ಟೆ. ಬಟ್ಟೆ ಪಕ್ಕದಲ್ಲೇ ಬ್ಯಾನರ್. ‘ಇಲ್ಲೂ ಎಲೆಕ್ಷನ್ನಾ?’ ಅಂದ್ರು ಅಮ್ಮ. ಫೋನ್ ಕ್ಯಾಮೆರಾ ಹಿಡಿದೆ. ಟೂರಿಸ್ಟ್ ಫ್ಲ್ಯಾಟ್ ಬೇಡ ಅನ್ನೋದು ಅದರ ಅರ್ಥ.

ಈ ಸುದ್ದಿ ನಿಮ್ಮ ಫೀಡಿಗೂ ಬಂದಿರುತ್ತೆ. 2024ರ ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಪ್ರತಿಭಟನೆಗೆ ಬಂದವರು ಹೋಟೆಲ್ ಹೊರಗೆ ಊಟ ಮಾಡ್ತಿದ್ದ ಪ್ರವಾಸಿಗರ ಮೇಲೆ ಆಟಿಕೆ ಗನ್ನಿನಿಂದ ನೀರು ಹಾರಿಸಿದ್ರು. ಅದೇ ವರ್ಷ ಏಪ್ರಿಲ್‌ನಲ್ಲಿ ಕೆನರಿ ದ್ವೀಪಗಳಲ್ಲಿ ಸಾವಿರಾರು ಜನ ಬೀದಿಗಿಳಿದ್ರು. ಮಯೋರ್ಕಾದಲ್ಲೂ ಮೆರವಣಿಗೆ ಆಯ್ತು. ಐದು ಕೋಟಿಗಿಂತ ಕಡಿಮೆ ಜನ ಇರೋ ದೇಶಕ್ಕೆ ಆ ವರ್ಷ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ.

ವಿಡಿಯೋ ನೋಡಿ ‘ಅವರಿಗೆ ನಾವು ಬೇಡ, ಯಾಕೆ ಹೋಗ್ಬೇಕು’ ಅಂದವರಿದ್ದಾರೆ. ಸಿಟ್ಟಿನ ಬುಡ ಬೇರೆ ಇದೆ. ಒಂದು ಫ್ಲ್ಯಾಟನ್ನು ಅಲ್ಲೇ ಕೆಲಸ ಮಾಡೋ ನರ್ಸಿಗೋ ಬಸ್ ಡ್ರೈವರಿಗೋ ತಿಂಗಳ ಬಾಡಿಗೆಗೆ ಕೊಡೋದಕ್ಕಿಂತ, ಆ್ಯಪಿನಲ್ಲಿ ದಿನದ ಲೆಕ್ಕಕ್ಕೆ ಪ್ರವಾಸಿಗರಿಗೆ ಕೊಟ್ಟರೆ ಮಾಲೀಕರಿಗೆ ಲಾಭ ಜಾಸ್ತಿ. ಹೀಗೆ ಒಂದೊಂದೇ ಮನೆ ಬಾಡಿಗೆ ಮಾರುಕಟ್ಟೆಯಿಂದ ಮಾಯ ಆಗುತ್ತೆ, ಉಳಿದ ಮನೆಗಳ ಬಾಡಿಗೆ ಏರುತ್ತೆ. ಹತ್ತು ಸಾವಿರಕ್ಕೂ ಹೆಚ್ಚು ಟೂರಿಸ್ಟ್ ಫ್ಲ್ಯಾಟುಗಳ ಲೈಸೆನ್ಸ್ ನವೀಕರಿಸದೆ 2028ರ ನವೆಂಬರ್ ಹೊತ್ತಿಗೆ ಅವನ್ನೆಲ್ಲ ನಿಲ್ಲಿಸ್ತೀವಿ ಅಂತ ಬಾರ್ಸಿಲೋನಾ ಮೇಯರ್ 2024ರಲ್ಲೇ ಘೋಷಿಸಿದ್ದಾರೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ‘ನಿಮ್ಮ ಸಾಫ್ಟ್‌ವೇರಿನೋರು ಬಂದ ಮೇಲೆ ನಮ್ಮ ಬೀದೀಲಿ ಬಾಡಿಗೆ ಏರಿದ ಹಾಗೆ ಅನ್ನು’ ಅಂದ್ರು. ಉತ್ತರ ಹೊಳೀಲಿಲ್ಲ.

ನೀರು ಹಾರಿಸಿದ್ದು ನನಗಂತೂ ಇಷ್ಟ ಆಗ್ಲಿಲ್ಲ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಬಂದ ಕುಟುಂಬ ಏನು ಮಾಡಿತ್ತು? ಪ್ರವಾಸಿಗರ ದುಡ್ಡಿಲ್ಲದೆ ಮಯೋರ್ಕಾದಂಥ ದ್ವೀಪದ ಸಂಸಾರ ನಡೆಯೋದೂ ಕಷ್ಟ. ಆದ್ರೆ ಎಲ್ಲಿ ಉಳ್ಕೋಬೇಕು ಅನ್ನೋದು ನಮ್ಮ ಕೈಲಿದೆ. ನಾವು ಸಾಂಟ್ಸ್ ಸ್ಟೇಷನ್ ಹತ್ತಿರದ ಪುಟ್ಟ ಹೋಟೆಲಿನಲ್ಲಿದ್ವಿ. ಕಿಚನ್ ಬೇಕು, ಫ್ಲ್ಯಾಟೇ ಆಗ್ಬೇಕು ಅನ್ನೋರು ಬಾರ್ಸಿಲೋನಾದಲ್ಲಿ ಆದ್ರೆ ಲಿಸ್ಟಿಂಗಿನಲ್ಲಿ ‘ಎಚ್‌ಯುಟಿಬಿ’ಯಿಂದ ಶುರುವಾಗೋ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಇಲ್ಲದಿದ್ರೆ ಬಿಟ್ಟುಬಿಡಿ. ಜುಲೈ-ಆಗಸ್ಟ್ ಬೇಡವೇ ಬೇಡ: ಬಿಸಿಲು, ಜನ, ರೇಟು ಮೂರೂ ನೆತ್ತಿಗೇರಿರುತ್ತೆ.

ಇನ್ನು ಊಟ. ‘ವೆಜಿಟೇರಿಯಾನೊ’ ಅಂದ್ರೆ ಸಾಕು ಅಂದ್ಕೋಬೇಡಿ. ಮಾಂಸ ಹಾಕ್ಬೇಡಿ ಅಂದ ಮೇಲೂ ಹಂದಿ ತೊಡೆಯ ‘ಹಮೋನ್’ ಚೂರುಗಳು ಅಥವಾ ಟ್ಯೂನಾ ಮೀನು ತಟ್ಟೆಗೆ ಬಂದುಬಿಡುತ್ತೆ. ಈ ಸಾಲು ಬಾಯಿಪಾಠ ಮಾಡ್ಕೊಳ್ಳಿ: ‘ನೋ ಕೋಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್.’ ಮಾಂಸ, ಮೀನು, ಹಮೋನ್ ಮೂರೂ ತಿನ್ನಲ್ಲ ಅಂತ. ‘ತೋರ್ತಿಯ್ಯಾ’ದಲ್ಲಿ ಮೊಟ್ಟೆ ಇರುತ್ತೆ. ಟೊಮ್ಯಾಟೊ ಉಜ್ಜಿದ ಬ್ರೆಡ್ಡು, ಹುರಿದ ಪದ್ರೋನ್ ಮೆಣಸಿನಕಾಯಿ, ತಣ್ಣನೆ ಗಜ್ಪಾಚೊ ಸಾರು, ಖಾರದ ಸಾಸ್ ಹಾಕಿದ ಆಲೂಗಡ್ಡೆ, ಇವೆಲ್ಲ ಅಮ್ಮನಿಗೆ ಒಗ್ಗಿದವು. ಒಗ್ಗದ್ದು ಊಟದ ಟೈಮು. ಮಧ್ಯಾಹ್ನದ್ದು ಎರಡು ಗಂಟೆ ಮೇಲೆ, ರಾತ್ರಿದು ಒಂಬತ್ತರ ಮೇಲೆ. ಭೂಪಟದಲ್ಲಿ ಲಂಡನ್ ಸಾಲಿನಲ್ಲಿರೋ ದೇಶ 1940ರಿಂದ ಬರ್ಲಿನ್ ಗಡಿಯಾರ ಇಟ್ಕೊಂಡಿದೆ. ಜೂನ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗೋದೇ ಹೆಚ್ಚುಕಡಿಮೆ ಹತ್ತು ಗಂಟೆಗೆ. ಬ್ಯಾಗಿನಲ್ಲಿ ಚಕ್ಕುಲಿ, ಕೋಡುಬಳೆ ಇರಲಿ.

ಬಾರ್ಸಿಲೋನಾದಿಂದ ವೆಲೆನ್ಸಿಯಾಗೆ ರೈಲಿನಲ್ಲಿ ಮೂರು ಗಂಟೆ. ಊರಿನ ದಕ್ಷಿಣಕ್ಕೆ ಅಲ್ಬುಫೆರಾ ಕೆರೆ, ಸುತ್ತ ಭತ್ತದ ಗದ್ದೆ. ಪಾಯೆಯ್ಯಾ ಹುಟ್ಟಿದ್ದು ಈ ಸೀಮೆಯಲ್ಲೇ. ಆ ಹೆಸರು ಮೂಲದಲ್ಲಿ ಅಗಲವಾದ ಬಾಣಲೆಯದ್ದು. ಅಸಲಿ ಅಡುಗೆಗೆ ಮೊಲ, ಕೋಳಿ ಹಾಕ್ತಾರೆ. ತರಕಾರಿಯದ್ದೂ ಸಿಗುತ್ತೆ, ಆದ್ರೆ ಮಧ್ಯಾಹ್ನವೇ ತಿನ್ನಿ, ಅಲ್ಲಿನವರ ರೂಢಿ ಅದು. ಅವರು ಚಪ್ಪರಿಸೋದು ತಳದಲ್ಲಿ ಕೆಂಪಗೆ ಹತ್ತಿಕೊಂಡ ಪದರವನ್ನ. ‘ಸೊಕರ್ರಾಟ್’ ಅಂತ ಅದಕ್ಕೊಂದು ಹೆಸರೂ ಇದೆ. ‘ಅನ್ನ ತಳ ಹಿಡಿದರೆ ನಿಮ್ಮಪ್ಪ ಮುಖ ಸಿಂಡರಿಸ್ತಿದ್ರು, ಇಲ್ಲಿ ಅದಕ್ಕೇ ದುಡ್ಡಾ?’ ಅಂದ್ಕೊಂಡೇ ಅಮ್ಮ ಬಾಣಲೆ ಕೆರೆದು ತಿಂದ್ರು.

ಮಯೋರ್ಕಾದಲ್ಲಿ ಇಳಿಜಾರು ಇಳಿದು ಹೋಗೋ ಪುಟ್ಟ ಬೀಚುಗಳನ್ನ ಕೈಬಿಟ್ವಿ, ಮಂಡಿ ಕೇಳ್ಬೇಕಲ್ಲ. ಬದಲಿಗೆ ಪಾಲ್ಮಾದಿಂದ ಸೋಯೆರ್ ಊರಿಗೆ 1912ರಿಂದ ಓಡ್ತಿರೋ ರೈಲು ಹತ್ತಿದ್ವಿ. ಮರದ ಬೋಗಿ, ಬೆಟ್ಟ ಕೊರೆದ ಸುರಂಗ, ಆಚೆ ಇಳಿದರೆ ಕಿತ್ತಳೆ ತೋಟ. ಅಲ್ಲಿಂದ ಬಂದರಿಗೆ ಹಳೇ ಟ್ರಾಮ್. ಈ ದ್ವೀಪಗಳ ಬೀಚಿನಲ್ಲಿ ಕಂದು ಎಲೆಗಳ ರಾಶಿ ಕಂಡರೆ ಕಸ ಅಂತ ಮೂಗು ಮುರೀಬೇಡಿ. ಅದು ಪೊಸಿಡೋನಿಯಾ ಅನ್ನೋ ಕಡಲ ಹುಲ್ಲು. ನೀರು ಗಾಜಿನಂತೆ ತಿಳಿಯಾಗಿರೋದಕ್ಕೆ, ಮರಳು ಕೊಚ್ಚಿಹೋಗದೆ ಉಳಿಯೋದಕ್ಕೆ ಅದೂ ಕಾರಣ. ಅದರ ಮೇಲೆ ದೋಣಿಯ ಲಂಗರು ಹಾಕೋದಕ್ಕೆ ಇಲ್ಲಿ ನಿಷೇಧ ಇದೆ.

ಡಿಸೆಂಬರ್ ಕೊನೆಯ ವಾರ ಮಾತ್ರ ರಜೆ ಸಿಗೋರಿಗೆ ಇಬೀಜಾ ಬೇಡ, ಅಲ್ಲಿನ ದೊಡ್ಡ ಕ್ಲಬ್ಬುಗಳೆಲ್ಲ ಬೇಸಿಗೆಯ ವ್ಯಾಪಾರ. ಆಫ್ರಿಕಾ ಕರಾವಳಿಯ ಬದಿಗಿರೋ ಕೆನರಿ ನೋಡಿ. ಮ್ಯಾಡ್ರಿಡ್‌ನಿಂದ ವಿಮಾನದಲ್ಲಿ ಸುಮಾರು ಮೂರು ಗಂಟೆ, ಚಳಿಗಾಲದಲ್ಲೂ ಹಗಲು 20 ಡಿಗ್ರಿ ಆಸುಪಾಸು. ಅಲ್ಲಿ ನನ್ನ ಕಣ್ಣಿರೋದು ಲಾನ್ಸರೋಟೆ ಮೇಲೆ. 1730ರಿಂದ 1736ರವರೆಗೆ ಜ್ವಾಲಾಮುಖಿ ಉಗುಳಿ ಹೊಲಗಳೆಲ್ಲ ಮುಚ್ಚಿಹೋದ ದ್ವೀಪ. ಕಲಾವಿದ ಸೆಸಾರ್ ಮನ್ರಿಕೆ ಪಟ್ಟು ಹಿಡಿದಿದ್ದರಿಂದ ಎತ್ತರದ ಕಟ್ಟಡಗಳು ಅಷ್ಟಾಗಿ ಏಳಲಿಲ್ಲ, ಇವತ್ತಿಗೂ ಬಹುತೇಕ ಬಿಳಿ ಬಣ್ಣದ ತಗ್ಗು ಮನೆಗಳೇ. ರೈತರು ಆ ಕಪ್ಪು ಬೂದಿಯಲ್ಲೇ ಗುಂಡಿ ತೋಡಿ, ಗಾಳಿಗೆ ಅಡ್ಡ ಕಲ್ಲು ಕಟ್ಟಿ ದ್ರಾಕ್ಷಿ ಬೆಳೀತಾರೆ. ಮಳೆ ಅಪರೂಪ, ಆದ್ರೆ ಬೂದಿ ತೇವ ಹಿಡಿದಿಡುತ್ತೆ. ಫೋಟೋ ತೋರಿಸಿದ್ದಕ್ಕೆ, ‘ಕರಿಬೇವೂ ಬರುತ್ತೇನೋ ಕೇಳು’ ಅಂದಿದ್ದಾರೆ ಅಮ್ಮ.